ಪಂಪು ಇಳಿಸಿದ ಕಾಕು

ಕಾಕುವನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಆಕೆಯ ಊರಿನ ಇಬ್ಬರು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಚಹ ಕುಡಿಯುತ್ತಿದ್ದರು. ಚಹ ನಾನೇ ತರಿಸಿದ್ದು. ಒಬ್ಬ ಹೇಳಿದ, "ಇಪ್ಪತ್ತ ವರ್ಷ ಸೇಂದ್ರಿಯ, ಸೇಂದ್ರಿಯ ಅಂತ ಬಡಕೊಂಡ್ಳು. ಏನಾತು? ಎಲ್ಲಾರಂಗ ಹೋದ್ಲು." ಇನ್ನೊಬ್ಬ ಬಸಿಯಲ್ಲಿ ಚಹ ಊದಿಕೊಳ್ಳುತ್ತ ನಕ್ಕ. ಸಾವಯವ ಒಕ್ಕಲುತನಕ್ಕೆ ನಮ್ಮ ಕಡೆ ಮರಾಠಿಯ ಸೇಂದ್ರಿಯ ಎಂಬ ಮಾತೇ ನಡೆಯುತ್ತದೆ. ಆ ನಗು ಕೇಳಿ ನನ್ನ ತಲೆ ಕೆಟ್ಟಿತು. ಚಹ ಮುಗಿಸಿ ಎದ್ದು ಹೋಗಿ ಎಂದೆ. ಮೂವತ್ತು ವರ್ಷದ ವ್ಯಾಪಾರದಲ್ಲಿ ಗಿರಾಕಿಗೆ ಎದ್ದು ಹೋಗು ಎಂದದ್ದು ಅದೇ ಮೊದಲು. ಅವರಿಗೆ ನನ್ನ ಸಿಟ್ಟು ಅರ್ಥವಾಗಲಿಲ್ಲ. ಅವರಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾಕುವನ್ನು ಹೊಗಳಲು ಕೂತಿಲ್ಲ. ಬದುಕಿದ್ದಾಗ ಯಾರಾದರೂ ಒಳ್ಳೆಯ ಮಾತಾಡಿದರೆ ಆಕೆಗೆ ಅನುಮಾನ ಬರುತ್ತಿತ್ತು. "ಯಾಕೋ ತಮ್ಮಾ, ನನಗೇನ ಮಾರಾಕತ್ತೀದಿ?" ಎಂದು ಕೇಳಿಬಿಡುತ್ತಿದ್ದಳು. ಕಾಕು ಎಂದರೆ ಚಿಕ್ಕಮ್ಮ, ಆದರೆ ಸಂಬಂಧದಲ್ಲಿ ಆಕೆ ನನಗೇನೂ ಅಲ್ಲ. ಊರಿಗೆಲ್ಲ ಕಾಕು, ನನಗೂ ಕಾಕು.

ನನ್ನದು ಅಕ್ಕಲಕೋಟದಲ್ಲಿ, ಎಸ್‌ಟಿ ಬಸ್ ಸ್ಟ್ಯಾಂಡಿನ ಹಿಂದುಗಡೆ, ಬೀಜ ಗೊಬ್ಬರದ ಅಂಗಡಿ. ಬೀಜ ಗೊಬ್ಬರ ಎಂದು ಫಲಕದಲ್ಲಿ ಬರೆದಿದೆ, ಆದರೆ ಅಂಗಡಿ ನಡೆಯುವುದು ಎಣ್ಣೆಯ ಮೇಲೆ. ಹುಳ ಸಾಯಿಸುವ ಔಷಧಕ್ಕೆ ನಮ್ಮ ರೈತರು ಎಣ್ಣೆ ಎಂದೇ ಅನ್ನುವುದು. ಕಾಕುವಿನ ಊರು ವಳಸಂಗದಿಂದ ಒಳಗೆ ಹೋಗುವ ದಾರಿಯಲ್ಲಿದೆ, ತವರು ಕರಜಗಿ. ತವರಿಗೆ ಹೋಗುವಾಗಲೂ ಬರುವಾಗಲೂ ಅಕ್ಕಲಕೋಟದಲ್ಲಿ ಬಸ್ಸು ಬದಲಿಸಬೇಕು. ಬಸ್ಸು ಬರುವವರೆಗೆ ನನ್ನ ಕಟ್ಟೆಯೇ ಆಕೆಯ ನೆಲೆ. ಒಳಗೆ ಬಂದು ಕುರ್ಚಿಯ ಮೇಲೆ ಕೂಡಿರಿ ಎಂದರೆ ಬರುತ್ತಿರಲಿಲ್ಲ. ನೀರು ಕೊಟ್ಟರೆ ಕುಡಿಯುತ್ತಿರಲಿಲ್ಲ. "ನಿನ್ನ ದುಕಾನದಾಗ ನೀರಿಗೂ ವಾಸನಿ ಬಡದದ" ಎಂದು ತನ್ನ ಸ್ಟೀಲಿನ ತಂಬಿಗೆಯ ಮುಚ್ಚಳ ತೆಗೆಯುತ್ತಿದ್ದಳು. ಕೊಳ್ಳುತ್ತಿದ್ದದ್ದು ಹಗ್ಗ, ಕುಡುಗೋಲು, ಕಳೆ ಕೀಳುವ ಕುರ್ಪಿ. ಇಪ್ಪತ್ತು ವರ್ಷದಲ್ಲಿ ಒಂದು ಬಾಟಲಿಯನ್ನೂ ಕೊಂಡವಳಲ್ಲ.

ಐದು ಎಕರೆ ಹೊಲ. ಗಂಡ ಕಾಮಾಲೆಯಿಂದ ಬೇಗ ತೀರಿಕೊಂಡಿದ್ದ. ಒಬ್ಬಳೇ ಮಗಳನ್ನು ಪಂಢರಪುರದ ಕಡೆ ಕೊಟ್ಟಿದ್ದಳು. ಜೋಳ, ತೊಗರಿ, ಕಡಲೆ, ಅಂಚಿಗೆ ಒಂದಿಷ್ಟು ಕುಸುಬೆ. ಯಾಕೆ ಸೇಂದ್ರಿಯ ಹಿಡಿದಿರಿ ಕಾಕು ಎಂದು ಯಾರೇ ಕೇಳಲಿ, ಒಬ್ಬೊಬ್ಬರಿಗೆ ಒಂದೊಂದು ಕಾರಣ ಕೊಡುತ್ತಿದ್ದಳು. ತಪಾಸಣೆಗೆ ಬಂದ ಸಾಹೇಬರಿಗೆ ಭೂಮಿತಾಯಿ ಎನ್ನುತ್ತಿದ್ದಳು, ಏಕೆಂದರೆ ಅವರು ಬರೆದುಕೊಳ್ಳುವುದು ಅದನ್ನೇ. ಸೋಲಾಪುರದಿಂದ ಬಂದು ತೊಗರಿಬೇಳೆ ಒಯ್ಯುವವರಿಗೆ ರುಚಿ ಎನ್ನುತ್ತಿದ್ದಳು. ನನಗೆ ಮಾತ್ರ ಹೇಳಿದ್ದು, "ವರ್ಷ ವರ್ಷ ನಿನ್ನ ಮಾರಿ ನೋಡೂದ ತಪ್ಪಲಿ ಅಂತ."

ವರ್ಷಕ್ಕೊಮ್ಮೆ ತಪಾಸಣೆಯವರು ಬರುತ್ತಿದ್ದರು. ಮಣ್ಣು ಒಯ್ಯುತ್ತಿದ್ದರು, ಎಲೆ ಒಯ್ಯುತ್ತಿದ್ದರು, ಒಂದು ಹಿಡಿ ತೊಗರಿ ಚೀಲಕ್ಕೆ ಹಾಕಿ ಮೊಹರು ಮಾಡುತ್ತಿದ್ದರು. ಪ್ರತಿ ಸಲವೂ ಹೊಲ ಶುದ್ಧ ಎಂದೇ ಬರುತ್ತಿತ್ತು. ಆ ಪ್ರಮಾಣಪತ್ರವನ್ನು ಕಾಕು ಗೋಡೆಗೆ ಹಾಕಲಿಲ್ಲ, ಹಿಟ್ಟಿನ ಡಬ್ಬಿಯ ತಳಕ್ಕೆ ಹಾಸಿದ್ದಳು. ಇಲಿಗೂ ಅದರ ರುಚಿ ಹತ್ತಿಲ್ಲ ಎಂದು ನಗುತ್ತಿದ್ದಳು.

ಇನ್ನು ಮುಯ್ಯಿಯ ವಿಚಾರ. ನಮ್ಮ ಹಳ್ಳಿಗಳಲ್ಲಿ ಕೂಲಿ ಕೊಡದೆ ಕೆಲಸ ಸಾಗುವುದು ಮುಯ್ಯಿಯಿಂದ. ಇವತ್ತು ನಿನ್ನ ಮನೆಯವರು ನನ್ನ ಹೊಲಕ್ಕೆ ಬಂದರೆ, ನಾಳೆ ನಾನು ನಿನ್ನ ಹೊಲಕ್ಕೆ ಬರಬೇಕು. ದಿನಕ್ಕೆ ದಿನ. ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಮುಯ್ಯಿ ತಪ್ಪಿಸಿದವರ ಮನೆಯ ಮದುವೆಗೆ ರೊಟ್ಟಿ ಬಡಿಯಲು ಸಹ ಯಾರೂ ಹೋಗುವುದಿಲ್ಲ.

ಎಣ್ಣೆ ಕಾಣದ ಹೊಲದಲ್ಲಿ ಕಸ, ಅಂದರೆ ಕಳೆ, ಜಾಸ್ತಿ. ಉಳಿದವರು ಕಸದ ಎಣ್ಣೆ ಹೊಡೆದು ಕೈ ತೊಳೆದುಕೊಂಡರೆ ಕಾಕು ಮೂರು ಮೂರು ಸಲ ಕಸ ತೆಗೆಸಬೇಕು. ಅದಕ್ಕೆ ಏಳೆಂಟು ಹೆಂಗಸರು ಮುಯ್ಯಿಗೆ ಬರುತ್ತಿದ್ದರು. ಅದನ್ನು ತೀರಿಸುವುದು ಹೇಗೆ? ಅವರ ಹೊಲದಲ್ಲಿ ತೆಗೆಯಲು ಕಸವೇ ಇಲ್ಲ. ಇದ್ದ ಕೆಲಸ ಒಂದೇ, ಬೆನ್ನಿಗೆ ಪಂಪು ಹೊತ್ತು ಎಣ್ಣೆ ಹೊಡೆಯುವುದು. ಊರಿನ ಗಂಡಸರು ಬೆಳಗಿನ ಬಸ್ಸಿಗೆ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿಗೆ, ಪವರ್‌ಲೂಮಿನ ಕೆಲಸಕ್ಕೆ ಹೋಗುವವರು. ಹೀಗೆ ಪಂಪು ಹೆಂಗಸರ ಬೆನ್ನಿಗೆ ಬಂದಿತ್ತು, ಎಲ್ಲರಿಗಿಂತ ಹೆಚ್ಚು ಕಾಕುವಿನ ಬೆನ್ನಿಗೆ.

ತನ್ನ ಹೊಲಕ್ಕೆ ಒಂದು ಹನಿ ಎಣ್ಣೆ ಬೀಳದಂತೆ ನೋಡಿಕೊಂಡವಳು, ಆ ಹೊಲವನ್ನು ಉಳಿಸಿಕೊಳ್ಳಲಿಕ್ಕಾಗಿಯೇ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಎಣ್ಣೆ ಹೊಡೆದಳು. ಇದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಹಾಡಹಗಲೇ ನಡೆಯುತ್ತಿತ್ತು, ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಮುಯ್ಯಿ ಎಂದ ಮೇಲೆ ಮುಗಿಯಿತು.

ನನಗೆ ಗೊತ್ತಿತ್ತು. ಅದನ್ನು ಹೇಳಲೇಬೇಕು. ಒಮ್ಮೆ ಕಾಕು ಕುಡುಗೋಲಿಗೆ ಹಿಡಿ ಹಾಕಿಸಲು ಕೊಟ್ಟಾಗ ಆಕೆಯ ಕೈ ನನ್ನ ಮೂಗಿನ ಹತ್ತಿರ ಬಂತು. ಮೂವತ್ತು ವರ್ಷ ಆ ವಾಸನೆಯಲ್ಲೇ ಊಟ ಮಾಡಿದವನು ನಾನು, ಯಾವ ಅಟ್ಟಣಿಗೆಯ ಮಾಲು ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. "ಏನ ಕಾಕು, ಸೇಂದ್ರಿಯ ಕೈಗೆ ನಮ್ಮ ಮಾಲಿನ ವಾಸನಿ ಬರಾಕತ್ತದಲ್ಲ?" ಎಂದು ಚುಡಾಯಿಸಿದೆ. "ಮುಯ್ಯಿ ತೀರಸಾಕತ್ತೀನೋ ತಮ್ಮಾ" ಎಂದಳು. ಹೊಡೆದ ರಾತ್ರಿ ನಿದ್ದೆ ಹತ್ತುವುದಿಲ್ಲ, ಕಣ್ಣು ಮಂಜಾಗುತ್ತದೆ ಎಂದೂ ಹೇಳಿದಳು. ನಾನು ನಕ್ಕು, ವಯಸ್ಸಾಯಿತು ಕಾಕು, ಚಷ್ಮಾ ಹಾಕಿಸಿಕೊಳ್ಳಿರಿ ಎಂದೆ. ಆ ನಗು ನೆನಪಾದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ನಾಲ್ಕು ವರ್ಷದ ಹಿಂದೆ ತೊಗರಿ ಹೂವಿಗೆ ಬಂದಾಗ, ಆಕೆಯ ಮಗ್ಗುಲ ಹೊಲದ ಪಾಟೀಲರಲ್ಲಿ ಪಂಪು ಹೊತ್ತಿದ್ದಳು. ತೊಗರಿ ಎದೆಯುದ್ದ ಬೆಳೆದಿತ್ತು, ಗಾಳಿ ಎದುರಿಗಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಎಂಟನೆಯ ಸಲ ತುಂಬಿಸಿದ ಪಂಪು ಹೊಡೆಯುತ್ತಿದ್ದವಳು ಸಾಲಿನ ನಡುವೆಯೇ ಕುಸಿದಳು. ಬಾಯಿಂದ ಜೊಲ್ಲು, ಮೈಯೆಲ್ಲ ಬೆವರು. ಯಾರೋ ಮಜ್ಜಿಗೆ ಕುಡಿಸಲು ಹೋದರು, ವಾಂತಿಯಾಯಿತು. ಪಾಟೀಲರು ಪಿಕಪ್ಪಿನಲ್ಲಿ ಹಾಕಿಕೊಂಡು ಸೋಲಾಪುರದ ದವಾಖಾನೆಗೆ ಒಯ್ದರು. ಅವತ್ತು ನಾನು ಮಾಲು ತರಲು ಸೋಲಾಪುರದಲ್ಲೇ ಇದ್ದೆ. ಪಾಟೀಲರ ಫೋನು ಬಂತು, ಹೋದೆ.

ಡಾಕ್ಟರರು ಟಾರ್ಚ್ ಹಿಡಿದು ಕಣ್ಣು ನೋಡಿ, ಏನು ಹೊಡೆಯುತ್ತಿದ್ದಳು ಎಂದು ಕೇಳಿದರು. ಪಾಟೀಲರು ನೆಲ ನೋಡುತ್ತ, "ಬಿಸಲ ಹತ್ಯದ್ರಿ ಸಾಹೇಬ್ರ. ಉಪಾಸ ಬ್ಯಾರೆ ಇದ್ಲು" ಎಂದರು. ಪಾಟೀಲರು ಕೆಟ್ಟವರಲ್ಲ, ಹೆದರಿದ್ದರು. ತಮ್ಮ ಹೊಲದಲ್ಲಿ ಹೆಂಗಸೊಬ್ಬಳು ಎಣ್ಣೆಗೆ ಬಿದ್ದಳು ಎಂದರೆ ಪೊಲೀಸರು ಬರುತ್ತಾರೆ ಎಂದು ಅವರ ಎಣಿಕೆ. ನಾನೂ ಬಾಯಿ ತೆರೆಯಲಿಲ್ಲ, ಬಾಟಲಿ ನನ್ನ ಅಂಗಡಿಯದು. ಆಗ ಮಂಚದ ಮೇಲಿಂದ ದನಿ ಬಂತು. ಮಾತು ತೊದಲುತ್ತಿತ್ತು, ಆದರೂ ತಿಳಿಯುತ್ತಿತ್ತು. "ಬಿಸಲಲ್ಲರಿ. ಎಣ್ಣಿ. ಹೆಸರ ಈತಗ ಗೊತ್ತದ." ಬೆರಳು ನನ್ನ ಕಡೆ ಇತ್ತು. ನಾನು ಹೆಸರು ಹೇಳಿದೆ. ಹೆಸರು ತಿಳಿದ ಕೂಡಲೇ ಡಾಕ್ಟರರು ಸಿಸ್ಟರಿಗೆ ಏನೋ ಹೇಳಿದರು, ಸೂಜಿಯ ಮೇಲೆ ಸೂಜಿ ಹಾಕಿದರು. ಸಂಜೆಗೆ ಕಾಕು ಸುಧಾರಿಸಿಕೊಂಡಳು.

ಮರುದಿನ ನಾನಿನ್ನೂ ಅಲ್ಲೇ ಇದ್ದಾಗ, ಕಾಕು ಸೇರಿದ್ದ ಸಾವಯವ ರೈತರ ಗುಂಪಿನ ಸೆಕ್ರೆಟರಿ ಒಂದು ಡಜನ್ ಬಾಳೆಹಣ್ಣು ಹಿಡಿದು ಬಂದರು. ಸಭ್ಯ ಮನುಷ್ಯ. ಮಂಚದ ತುದಿಗೆ ಕೂತು, "ಕಾಕು, ಯಾರ ಕೇಳಿದ್ರೂ ಬಿಸಲ ಹತ್ತಿತ್ತು ಅನ್ರಿ. ನಮ್ಮ ಗುಂಪಿನ ಹೆಂಗಸು ಎಣ್ಣಿಗೆ ಬಿದ್ಲು ಅಂದ್ರ ಸೋಲಾಪುರದವ್ರು ನಮ್ಮ ಬ್ಯಾಳಿ ಮುಟ್ಟಂಗಿಲ್ಲ" ಎಂದರು.

ಕಾಕು ಬಾಳೆಹಣ್ಣನ್ನು ಬದಿಗೆ ಸರಿಸಿದಳು. ಆಮೇಲೆ ಹೇಳಿದಳು, "ವರ್ಷ ವರ್ಷ ಬಂದು ನನ್ನ ಮಣ್ಣ ತಪಾಸಿದ್ರಿ, ಎಲಿ ತಪಾಸಿದ್ರಿ, ಕಾಳ ತಪಾಸಿದ್ರಿ. ನನ್ನ ಯಾರರೆ ತಪಾಸೀರೇನು? ಹೊಲಾ ಶುದ್ಧ ಅದ ಅಂತ ಬರೀರಿ. ಅದರ ಕೆಳಗ ಹೊಲದಾಕಿ ಶುದ್ಧ ಇಲ್ಲ ಅಂತನೂ ಬರೀರಿ. ಎರಡೂ ಖರೆ ಅದಾವ."

"ಹಂಗ ಬರಿಯಾಕ ಬರಂಗಿಲ್ಲ ಕಾಕು. ಅದಕ್ಕ ಕಾಲಮ್ ಇಲ್ಲ."

"ಕಾಲಮ್ ಇಲ್ಲಂದ್ರ ಗೆರಿ ಹೊಡೀರಿ."

ಅವರು ಗೆರೆ ಹೊಡೆಯಲಿಲ್ಲ. ಕಾಕು ಊರಿಗೆ ಬಂದ ಮೇಲೆ ಗುಂಪಿನ ವಹಿಯನ್ನು ತರಿಸಿಕೊಂಡು, ತನ್ನ ಪುಟದಲ್ಲಿ ತಾನೇ ಬರೆದಳು. ಕರಜಗಿಯ ಕನ್ನಡ ಸಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಕಲಿತ ಅಕ್ಷರ. ಮರಾಠಿ ವಹಿಯಲ್ಲಿ ಕನ್ನಡದ ಎರಡು ಸಾಲು. ಎಷ್ಟು ವರ್ಷ ಯಾರ ಯಾರ ಹೊಲದಲ್ಲಿ ಪಂಪು ಹೊತ್ತೆ ಎಂದು. ಕನ್ನಡ ಮಾತಾಡಲು ಬಂದರೂ ಓದಲು ಬಾರದ ಸೆಕ್ರೆಟರಿ ಅದನ್ನು ಓದಿಸಲು ನನ್ನ ಬಳಿಗೇ ಬರಬೇಕಾಯಿತು.

ಆ ವಾರವೇ ಹನುಮಂತನ ಗುಡಿಯ ಕಟ್ಟೆಯ ಮುಂದೆ ನಿಂತು ಕಾಕು ಹೇಳಿಬಿಟ್ಟಳು. "ಮುಯ್ಯಿಗೆ ಏನ ಕೆಲಸ ಹೇಳ್ರಿ, ಬರ್ತೀನಿ. ರಾಶಿ ಮಾಡತೀನಿ, ಸಗಣಿ ಹೊರತೀನಿ, ಬಾಣಂತನ ಮಾಡತೀನಿ. ಪಂಪ್ ಹೊರಂಗಿಲ್ಲ." ಪಾಟೀಲರು ಅಲ್ಲೇ ಇದ್ದರು, ಕಾಕುವನ್ನು ಅವರು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವವರು. "ವೈನಿ, ನಮಗ ಬೇಕಾಗಿರೂದ ಪಂಪಿನ ಕೆಲಸ. ಅದಿಲ್ಲಂದ್ರ ನಿಮ್ಮ ಹೊಲದ ಕಸ ನೀವ ತಗೀರಿ" ಎಂದರು. ಅವರ ಮಾತಿನಲ್ಲೂ ಲೆಕ್ಕ ತಪ್ಪಿರಲಿಲ್ಲ, ಮುಯ್ಯಿಯ ನ್ಯಾಯ ಅದೇ. ಆ ವರ್ಷ ಕಾಕುವಿನ ಹೊಲಕ್ಕೆ ಒಬ್ಬರೂ ಹೋಗಲಿಲ್ಲ.

ಕಾಕು ಪಂಪು ಬಿಟ್ಟರೆ ಹೊಲ ಹೋಗಬೇಕು, ಹೊಲ ಬೇಕೆಂದರೆ ಪಂಪು ಹೊರಬೇಕು. ನಡುವೆ ಮೂರನೆಯ ದಾರಿ ನನಗಂತೂ ಕಾಣಲಿಲ್ಲ. ಮುಂದಿನ ಮಳೆಗೆ ಕಸ ಮೊಣಕಾಲಿಗೆ ಬಂತು. ಅರವತ್ತೇಳು ವರ್ಷದ ಹೆಂಗಸು ಬೆಳಗಾದರೆ ಕುರ್ಪಿ ಹಿಡಿದು ಕೂಡುತ್ತಿದ್ದಳು. ಒಂದು ಮೂಲೆ ಸ್ವಚ್ಛ ಮಾಡಿ ಇನ್ನೊಂದು ಮೂಲೆಗೆ ಹೋಗುವಷ್ಟರಲ್ಲಿ ಮೊದಲಿನ ಮೂಲೆ ಹಸಿರಾಗಿರುತ್ತಿತ್ತು. ಪಾಟೀಲರಿಗೂ ನೋಡಲಾಗಲಿಲ್ಲವೆಂದು ಕಾಣುತ್ತದೆ. ನನ್ನಲ್ಲಿ ಒಂದು ಕ್ಯಾನು ಕಸದ ಎಣ್ಣೆ ಕೊಂಡು, ವೈನಿಗೆ ನೀವೇ ಮುಟ್ಟಿಸಿರಿ, ನಾನು ಕೊಟ್ಟರೆ ತಗೊಳ್ಳುವುದಿಲ್ಲ ಎಂದರು. ನಾನು, ಬುದ್ಧಿಗೇಡಿ, ಮೋಟಾರ್ ಸೈಕಲ್ಲಿಗೆ ಕಟ್ಟಿಕೊಂಡು ಹೋದೆ.

ಕಾಕು ಬೈಯಲಿಲ್ಲ. ಕ್ಯಾನನ್ನು ಬದುವಿನ ಆಚೆ, ಪಾಟೀಲರ ಕಡೆ ಇಡಿಸಿದಳು. ಆಮೇಲೆ ನನ್ನ ಕೈಗೆ ಇನ್ನೊಂದು ಕುರ್ಪಿ ಕೊಟ್ಟಳು. "ಬಂದೀದಿ ಅಂದಮ್ಯಾಲ ಒಂದ ಸಾಲ ಹಿಡಿ." ಇಸ್ತ್ರಿ ಪ್ಯಾಂಟಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಸಂಜೆಯವರೆಗೆ ಎರಡು ಸಾಲು ತೆಗೆದೆ. ವಾರಗಟ್ಟಲೆ ಸೊಂಟ ಹಿಡಿದುಕೊಂಡಿತ್ತು. ಹೊರಡುವಾಗ ಕಾಕು, "ಈಗ ನಿನ್ನ ಮುಯ್ಯಿ ನನ್ನ ಮ್ಯಾಲ ಬಂತು. ಗುರುವಾರ ತೀರಸ್ತೀನಿ" ಎಂದಳು. ಏನೋ ಚೇಷ್ಟೆಗೆ ಅಂದಳೆಂದುಕೊಂಡೆ.

ಗುರುವಾರ ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೆ ಕಟ್ಟೆಯ ಮೇಲೆ ಕೂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಸ ಹೊಡೆದಳು. ಜೀವಮಾನದಲ್ಲೇ ಮೊದಲ ಸಲ ಒಳಗೆ ಬಂದು ಗಲ್ಲಾಪೆಟ್ಟಿಗೆಯ ಮಗ್ಗುಲು ನಿಂತಳು. ಬಂದ ಗಿರಾಕಿಗೆಲ್ಲ ಮಾಲು ಕೊಡುವ ಮೊದಲು ಕೇಳತೊಡಗಿದಳು. "ಇದನ ಯಾರ ಹೊರಾವ್ರು? ನೀನೋ, ಹೇಣತಿನೋ?" "ಗಾಳಿ ಯಾವ ಕಡಿಂದ ಬೀಸತದ ನಿನ್ನ ಹೊಲಕ್ಕ?" "ಹೊಡದ ಮ್ಯಾಲ ಆಕಿ ಅದ ಕೈಲೆ ಕೂಸಿಗೆ ಮೊಲಿ ಕೊಡ್ತಾಳೇನು?" ಗಂಡಸರು ನನ್ನ ಮುಖ ನೋಡಿದರು. ನಾನು ಲೇಬಲ್ಲು ಓದುವವನಂತೆ ತಲೆ ತಗ್ಗಿಸಿದೆ. ನಾಲ್ವರು ಖರೀದಿಸದೆ ಹೋದರು. ಒಬ್ಬ, "ಈ ಮುದುಕಿ ಯಾರ್ರಿ ಸಾವಕಾರ್ರ, ಹೊಸಾ ಮಾಲಕೀಣಾ?" ಎಂದ. "ಮುಯ್ಯಾಳು" ಎಂದಳು ಕಾಕು ನನಗಿಂತ ಮೊದಲೇ.

ಮಧ್ಯಾಹ್ನ ನಾನು ಕೈಮುಗಿದೆ. "ಕಾಕು, ಮುಯ್ಯಿ ತೀರೇದರಿ. ಇನ್ನ ಬಿಡ್ರಿ." ಆಕೆ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ನನಗೆ ಮುರಿದುಕೊಟ್ಟಳು. "ಸಂಜಿ ಆಗಿಲ್ಲಿನ್ನ. ಮುಯ್ಯಿ ಅಂದ್ರ ದಿನಕ್ಕ ದಿನ."

ಸಂಜೆಯ ಬಸ್ಸಿಗೆ ಹೋದಳು. ಆ ದಿನ ಅಂಗಡಿಗೆ ಬಂದವರಲ್ಲಿ ಪಾಟೀಲರ ಹೆಂಡತಿಯೂ ಇದ್ದರು. ತರಕಾರಿ ಬೀಜಕ್ಕೆ ಬಂದವರು, ಮೂಲೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡು, ಬೀಜ ಮರೆತು ಹೋಗಿದ್ದರು. ಮೂರು ದಿನದ ಮೇಲೆ ಆಕೆ ಕುರ್ಪಿ ಹಿಡಿದು ಕಾಕುವಿನ ಹೊಲಕ್ಕೆ ಇಳಿದರಂತೆ. ಕಾಕು, "ನಿನ್ನ ಗಂಡಗ ಗೊತ್ತದೇನ?" ಎಂದಳಂತೆ. "ರಾತ್ರಿ ಊಟಕ್ಕ ಕೂತಾಗ ಗೊತ್ತಾಗತದ" ಎಂದರಂತೆ. ಆಕೆಯ ಹಿಂದೆ ಇನ್ನಿಬ್ಬರು, ಆಮೇಲೆ ಐವರು. ಹೆಂಗಸರು ತಮ್ಮತಮ್ಮಲ್ಲೇ ಮುಯ್ಯಿ ಬದಲಿಸಿಕೊಂಡರು. ಶಾವಿಗೆ ಹೊಸೆಯುವುದು, ಮನೆ ಸಾರಿಸುವುದು, ಕಟಾವು, ಬಾಣಂತನ, ಎಲ್ಲವೂ ಲೆಕ್ಕಕ್ಕೆ ಬಂತು. ಪಂಪು ಮಾತ್ರ ಲೆಕ್ಕಕ್ಕಿಲ್ಲ. ಎರಡು ವರ್ಷ ಗಂಡಸರು ಹೊರಗಿನಿಂದ ಆಳು ತರಿಸಿದರು, ಅವರೂ ಬರುಬರುತ್ತ ಕಡಿಮೆಯಾದರು. ಈ ವರ್ಷ ಆ ಊರಲ್ಲಿ ಒಬ್ಬ ಹೆಂಗಸೂ ಪಂಪು ಮುಟ್ಟಲಿಲ್ಲ.

ಕಾಕು ದಸರೆಯ ಮರುವಾರ ಹೋದಳು. ಎದೆ ಹಿಡಿದುಕೊಂಡಿತು, ಮಗಳು ಬರುವಷ್ಟರಲ್ಲಿ ಮುಗಿದಿತ್ತು. ಎಣ್ಣೆಯೇ ಕೊಂದಿತು ಎಂದು ನಾನು ಹೇಳುವುದಿಲ್ಲ, ನಾನು ಡಾಕ್ಟರನಲ್ಲ. ಹದಿನೈದು ಹದಿನಾರು ವರ್ಷ ಮೈಗೆ ಇಳಿದದ್ದು ಏನೂ ಮಾಡಲಿಲ್ಲ ಎಂದು ಯಾರಾದರೂ ಹೇಳಿದರೆ ಅದನ್ನೂ ಕೇಳುವುದಿಲ್ಲ. ಸೇಂದ್ರಿಯ ತಿಂದರೂ ಸತ್ತಳು ಎಂದು ನಗುವವರು ಆಕೆ ಏನು ತಿಂದಳು ಎಂಬುದನ್ನಷ್ಟೇ ನೋಡಿದ್ದಾರೆ, ಅವರ ಸಲುವಾಗಿ ಏನು ಹೊತ್ತಳು ಎಂಬುದನ್ನು ನೋಡಿಲ್ಲ.

ಹೋದ ವಾರ ಪಾಟೀಲರು ಬಂದರು. ತೊಗರಿ ಹೂವಿಗೆ ಬಂದಿದೆ. ಬೇಕಾದ ಬಾಟಲಿ ಹೇಳಿದರು, ನಾನು ಕೆಳಗಿಳಿಸಿದೆ. ಹೋಗದೆ ನಿಂತರು.

"ಸಾವಕಾರ್ರ, ಕೈಗವಸ ಅದಾವೇನು? ರಬ್ಬರಿಂದು. ಮತ್ತ ಮೂಗಿಗೆ ಕಟ್ಟಿಕೊಳ್ಳೂದು."

"ಯಾರಿಗ್ರಿ?"

"ನನಗ. ಈ ಸಲ ನಾನ ಹೊಡೀಬೇಕಾಗ್ಯದ. ಯಾರೂ ಬರವಲ್ರು."

ಮೂವತ್ತು ವರ್ಷದಲ್ಲಿ ನನ್ನ ಅಂಗಡಿಯಲ್ಲಿ ಕೈಗವಸು ಕೇಳಿದ ಮೊದಲ ಗಿರಾಕಿ. ನನಗೆ ಸಿಟ್ಟು ನೆತ್ತಿಗೇರಿತು. "ಕಾಕು ಅಷ್ಟ ವರ್ಷ ನಿಮ್ಮ ಹೊಲದಾಗ ಬರಿಗೈಲೆ ಹೊಡದ್ಲು. ಆವಾಗ ಕೇಳಾಕ ಬರಲಿಲ್ಲ ನೀವು" ಎಂದೆ.

ಪಾಟೀಲರು ನನ್ನ ಕಣ್ಣನ್ನೇ ನೋಡಿದರು. "ಬರಲಿಲ್ಲ. ಖರೆ ಅದ. ನೀವೂ ಕೊಡಲಿಲ್ಲ."

ನಾನು ಮೇಲಿನ ಅಟ್ಟಣಿಗೆಯಿಂದ ಕೆಳಗಿನವರೆಗೆ ನೋಡಿದೆ. ನೆಲದಿಂದ ಮಾಳಿಗೆಯವರೆಗೆ ಬಾಟಲಿ. ಕೈಗವಸು ಒಂದು ಜೊತೆಯೂ ಇರಲಿಲ್ಲ. ಎಂದೂ ತರಿಸಿರಲಿಲ್ಲ. ಕೆಳಗಿಳಿಸಿದ ಬಾಟಲಿಯನ್ನು ಎತ್ತಿ ಮತ್ತೆ ಮೇಲಿಟ್ಟೆ. ಸೋಲಾಪುರದಿಂದ ಕೈಗವಸು ತರಿಸುತ್ತೇನೆ, ಅದು ಬರುವವರೆಗೆ ಬಾಟಲಿಯೂ ಇಲ್ಲ ಎಂದೆ. ಪಾಟೀಲರು ಮುಖ ಕೆಂಪಗೆ ಮಾಡಿಕೊಂಡು ಎದುರಿನ ಅಂಗಡಿಗೆ ಹೋದರು. ಹೋಗಲಿ ಎಂದುಕೊಂಡೆ. ಅಲ್ಲಿ ನನಗಿಂತ ಹೆಚ್ಚು ಮಾಲಿದೆ.

ಐದು ನಿಮಿಷಕ್ಕೆ ಹೊರಗೆ ಬಂದರು. ಕೈ ಖಾಲಿ ಇತ್ತು. ಅಲ್ಲಿಯೂ ಕೈಗವಸು ಇರಲಿಲ್ಲ. ಬರಿಗೈಯಿಂದ ಹೊಡೆಯಲು ತಾವು ತಯಾರಿಲ್ಲದ್ದರಿಂದ ಪಾಟೀಲರು ಬಾಟಲಿ ಕೊಳ್ಳದೆ ಊರಿನ ಬಸ್ಸು ಹತ್ತಿದರು.